ಹೆಬ್ಬಾತು, ಬಾತು ಶಿಕಾರಿಗೆ ಗೈಡ್ ಹಾಕಿಕೊಳ್ಳಬೇಕಾ? ಮೊದಲ ಸಲ ಹೋಗುತ್ತಿದ್ದೇನೆ

ಹೊಸ_ಬೂಟು | ಸೆಪ್ಟೆಂಬರ್ 9

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ನಾವು ನಾಲ್ಕು ಜನ ಅಮೆರಿಕದ ಉತ್ತರ ಡಕೋಟಾಗೆ ಶಿಕಾರಿಗೆ ಹೋಗುವ ಯೋಚನೆಯಲ್ಲಿದ್ದೇವೆ. ಎರಡು ದಿನ. ಬೆಳಿಗ್ಗೆ ಹೊಲದಲ್ಲಿ ಹೆಬ್ಬಾತು, ಮಧ್ಯಾಹ್ನ ನೀರಿನಲ್ಲಿ ಬಾತು. ಉಳಿದ ಮೂವರು ಇಲ್ಲಿಯವರೇ, ಚಿಕ್ಕಂದಿನಿಂದ ಅಪ್ಪನ ಹಿಂದೆ ಹೋಗಿ ಬಂದವರು. ನಾನೊಬ್ಬನೇ ಹೊಸಬ. ಒಂದು ವರ್ಷದಿಂದ ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿ ಇಟ್ಟು ಅಭ್ಯಾಸ ಮಾಡಿದ್ದೇನೆ, 25ಕ್ಕೆ 17, 18 ಬೀಳಿಸುತ್ತೇನೆ. ಜೀವ ಇರುವ ಹಕ್ಕಿಗೆ ಇನ್ನೂ ಒಂದು ಈಡೂ ಹೊಡೆದಿಲ್ಲ.

ಗೈಡ್ ಬೇಕಾ ಬೇಡವಾ ಅಂತ ನಮ್ಮಲ್ಲೇ ಜಗಳ. ಒಬ್ಬರಿಗೆ ದಿನಕ್ಕೆ ಕೆಲವು ನೂರು ಡಾಲರ್ ಆಗುತ್ತದೆ, ಊಟ ವಸತಿ ಸೇರಿದರೆ ಇನ್ನೂ ಜಾಸ್ತಿ. ಜಾಹೀರಾತು ನೋಡಿದರೆ ಎಲ್ಲ ಕಡೆ ಒಂದೇ ಫೋಟೊ: ಸಾಲಾಗಿ ಮಲಗಿಸಿದ ಹಕ್ಕಿಗಳು, ಹಿಂದೆ ಹಲ್ಲು ಕಿರಿದು ಕೂತ ಎಂಟು ಜನ. ಇದರಲ್ಲಿ ಯಾರು ಒಳ್ಳೆಯವರು ಅಂತ ಹೇಗೆ ಗೊತ್ತಾಗಬೇಕು? ಇನ್ನೊಂದು ವಿಷಯ, ನಾನಿನ್ನೂ ಕೆಲಸದ ವೀಸಾದಲ್ಲಿ ಇರುವವನು. ಬಂದೂಕು ಹಿಡಿಯಬಹುದಾ?

ಕೂಳೆಗದ್ದೆ | ಸೆಪ್ಟೆಂಬರ್ 9

ನನಗೆ ಇದು ಹದಿನೈದನೇ ಸೀಸನ್. ಮೊದಲ ಮೂರು ಗೈಡ್ ಜೊತೆ, ಆಮೇಲೆ ನಾವು ನಾವೇ. ದುಡ್ಡಿನ ಮಾತು ಮೊದಲು ಮುಗಿಸೋಣ.

ಗೈಡ್‌ಗೆ ನೀವು ಕೊಡುವ ದುಡ್ಡು ಹೆಚ್ಚಾಗಿ ಹಿಂದಿನ ದಿನದ ಸಂಜೆಗೆ. ಹೆಬ್ಬಾತುಗಳು ರಾತ್ರಿ ನೀರಿನಲ್ಲಿ ತಂಗುತ್ತವೆ. ಬೆಳಕು ಹರಿದ ಮೇಲೆ ಎದ್ದು ಕೊಯ್ಲಾದ ಹೊಲಕ್ಕೆ ಕಾಳು ತಿನ್ನಲು ಹೋಗುತ್ತವೆ. ಹೊಟ್ಟೆ ತುಂಬಿದರೆ ವಾಪಸ್ ನೀರಿಗೆ. ಸಂಜೆ ಮತ್ತೆ ಹೊಲ. ನಿನ್ನೆ ಸಂಜೆ ತಿಂದ ಹೊಲದಲ್ಲಿ ಯಾರೂ ಎಬ್ಬಿಸದಿದ್ದರೆ ಇವತ್ತು ಬೆಳಿಗ್ಗೆಯೂ ಅಲ್ಲಿಗೇ ಬರುತ್ತವೆ, ಸಾಮಾನ್ಯವಾಗಿ. ಆದರೆ ಆ ಕಡೆ ಹೊಲ ಅಂದರೆ ಕಣ್ಣು ಹಾಯುವಷ್ಟು ದೂರ ಒಂದೇ ಹಾಸು. ಅದರಲ್ಲಿ ಯಾವ ಮೂಲೆ, ಯಾವ ದಿಬ್ಬದ ಪಕ್ಕ ಅನ್ನುವವರೆಗೂ ಗೊತ್ತಿರಬೇಕು. ಇನ್ನೂರು ಗಜ ಆಚೆ ಈಚೆ ಕೂತಿರೋ, ಆಸೆ ತೋರಿಸಲು ನೀವು ಇಟ್ಟ ಹಕ್ಕಿ ಬೊಂಬೆಗಳನ್ನು ಹಕ್ಕಿ ಮೇಲಿಂದ ನೋಡಿಕೊಂಡೇ ಹೋಗಿ ತನ್ನ ನಿನ್ನೆಯ ಜಾಗದಲ್ಲಿ ಇಳಿಯುತ್ತದೆ. ನೀವು ಕೂತಲ್ಲೇ ಕೂತು ಅದರ ಊಟ ನೋಡಬೇಕು.

ಒಳ್ಳೆ ಗೈಡ್ ಸಂಜೆ ಪೂರ್ತಿ ಗಾಡಿಯಲ್ಲಿ ಸುತ್ತುತ್ತಾನೆ. ರಸ್ತೆಯಲ್ಲೇ ದೂರ ನಿಂತು ದುರ್ಬೀನು ಹಾಕಿ ನೋಡುತ್ತಾನೆ. ಗುಂಪು ಯಾವ ಕೆರೆಯಿಂದ ಎದ್ದು ಬಂತು, ಎಲ್ಲಿ ಇಳಿಯಿತು, ನಾಳೆ ಗಾಳಿ ಯಾವ ದಿಕ್ಕು, ಎಲ್ಲ ಲೆಕ್ಕ. ಆಮೇಲೆ ರೈತನ ಮನೆಗೆ ಹೋಗಿ ಹೊಲಕ್ಕೆ ಇಳಿಯಲು ಅನುಮತಿ ಕೇಳುತ್ತಾನೆ. ಹತ್ತು ವರ್ಷ ಬೇಲಿಯ ಗೇಟು ಸರಿಯಾಗಿ ಮುಚ್ಚಿ, ಕೆಸರಿನಲ್ಲಿ ಗಾಡಿ ನುಗ್ಗಿಸದೆ, ಖಾಲಿ ತೋಟಾ ಹೆಕ್ಕಿಕೊಂಡು ಬಂದಿದ್ದರೆ ಆ ರೈತ ಇವನಿಗೆ ಹೂಂ ಅನ್ನುತ್ತಾನೆ. ಎರಡು ದಿನಕ್ಕೆ ಹೋಗುವ ನಿಮಗೆ ಇದನ್ನೆಲ್ಲ ಮಾಡಲು ಸಮಯ ಎಲ್ಲಿದೆ? ಹಾಗಾಗಿ ಮೊದಲ ಸಲಕ್ಕೆ ನನ್ನ ಮಾತು: ಗೈಡ್ ಹಾಕಿಕೊಳ್ಳಿ.

ಫೋನಿನಲ್ಲಿ "ಎಷ್ಟು ಹಕ್ಕಿ ಸಿಗುತ್ತೆ" ಅಂತ ಮಾತ್ರ ಕೇಳಬೇಡಿ. ಅದಕ್ಕೆ ಎಲ್ಲರದ್ದೂ ಒಂದೇ ಉತ್ತರ. ನಾನು ಕೇಳುವುದು ಬೇರೆ. ಅಡಗಿ ಕೂರುವ ಒಂದು ಮರೆಯಲ್ಲಿ ಎಷ್ಟು ಬಂದೂಕು? ನಮ್ಮ ನಾಲ್ವರ ಜೊತೆ ಗುರುತಿಲ್ಲದವರನ್ನು ಸೇರಿಸುತ್ತೀರಾ? ಸಂಜೆ ಹಕ್ಕಿ ನೋಡಲು ಹೋಗುವವರು ನೀವೇನಾ, ಕೆಲಸದ ಹುಡುಗನಾ? ನಾಯಿ ಇದೆಯಾ? ಮಂಜೋ ಹಿಮಗಾಳಿಯೋ ಬಂದರೆ ಮುಂಗಡದ ಕಥೆ ಏನು? ಕೊನೆಗೆ, ಹೋದ ಸೀಸನ್‌ನಲ್ಲಿ ಬರಿಗೈಯಲ್ಲಿ ಬಂದ ದಿನ ಯಾವುದು, ಏನಾಯಿತು ಅಂತ ಕೇಳಿ. ಅಂಥ ದಿನವೇ ಇಲ್ಲ ಅಂದವನಿಗೆ ನಮಸ್ಕಾರ ಹೇಳಿ ಫೋನ್ ಇಡಿ.

ಸುಮ್ನೆ_ಓದುವವ | ಸೆಪ್ಟೆಂಬರ್ 9

ಬರಿಗೈ ದಿನದ ಪ್ರಶ್ನೆ ಚೆನ್ನಾಗಿದೆ. ಮದುವೆ ಗಂಡು ನೋಡುವಾಗಲೂ ಕೇಳಬಹುದು.

ನಸುಕು_ನಾಲ್ಕು | ಸೆಪ್ಟೆಂಬರ್ 10

ಗುರುತಿಲ್ಲದವರನ್ನು ಸೇರಿಸುವ ವಿಷಯ ದಯವಿಟ್ಟು ಹಗುರವಾಗಿ ತಗೋಬೇಡಿ. ನನ್ನ ಕಥೆ ಕೇಳಿ. ಹೆಸರು, ಜಾಗ ಹೇಳಲ್ಲ. ಇಬ್ಬರು ಹೋಗಿದ್ದೆವು. ಅಲ್ಲಿಗೆ ಹೋದರೆ ಹೊಲದ ಗುಂಡಿಯಲ್ಲಿ ಹತ್ತು ಜನ. ಪಕ್ಕದವನ ಬಂದೂಕಿನ ಬಾಯಿ ಎರಡು ಸಲ ನನ್ನ ಮೊಣಕಾಲಿನ ಕಡೆ ತಿರುಗಿತು. ಗೈಡ್ ನೋಡಿಯೂ ಏನೂ ಅನ್ನಲಿಲ್ಲ. ಹಕ್ಕಿ ಕೆಳಗೆ ಇಳಿಯುವವರೆಗೂ ಕಾಯಲಿಲ್ಲ, ಎಪ್ಪತ್ತು ಗಜ ಎತ್ತರದಲ್ಲಿ ಹೋಗುತ್ತಿದ್ದ ಗುಂಪಿಗೇ "ಹೊಡೀರಿ" ಅಂತ ಕೂಗಿದ. ಹತ್ತು ಬಂದೂಕು ಒಟ್ಟಿಗೆ. ಒಂದು ಬಿತ್ತು. ಮೂರು ಹಕ್ಕಿ ಕಾಲು ಇಳಿಬಿಟ್ಟುಕೊಂಡು, ಓಲಾಡುತ್ತಾ ದೂರ ಹೋಗಿ ಎಲ್ಲೋ ಬಿದ್ದವು. ಹುಡುಕಲು ಯಾರೂ ಏಳಲಿಲ್ಲ, ಮುಂದಿನ ಗುಂಪು ಬರುತ್ತಿದೆಯಲ್ಲ!

ಒಂಬತ್ತು ಗಂಟೆಗೆ ನನ್ನ ಪಾಲು ಮುಗಿಯಿತು ಅಂತ ತೋಟಾ ತೆಗೆದೆ. ಗೈಡ್ ಹೇಳಿದ: "ಹೊಡೆಯುತ್ತಿರಿ, ಇಲ್ಲಿ ಗುಂಪಿನ ಲೆಕ್ಕ." ಫೆಡರಲ್ ನಿಯಮದಲ್ಲಿ ಗುಂಪಿನ ಲೆಕ್ಕ ಅನ್ನುವುದೇ ಇಲ್ಲ. ದಿನದ ಮಿತಿ ಒಬ್ಬೊಬ್ಬರಿಗೆ ಪ್ರತ್ಯೇಕ. ಬೇರೆಯವರ ಪಾಲನ್ನು ನೀವು ತುಂಬಿಸಿದರೆ ತಪ್ಪು ನಿಮ್ಮದು, ಗೈಡ್ ಹೇಳಿದ ಅನ್ನುವುದು ನೆಪ ಆಗುವುದಿಲ್ಲ.

ಕಾಳು ಚೆಲ್ಲಿ ಆಸೆ ತೋರಿಸುವುದೂ ಹಾಗೆಯೇ. ಕೊಯ್ಲಿನಲ್ಲಿ ತಾನಾಗಿ ಉದುರಿದ ಕಾಳಿನ ಹೊಲದಲ್ಲಿ ಕೂರಬಹುದು. ಯಾರೋ ತಂದು ಸುರಿದ ಜೋಳ ಇದ್ದರೆ ಕೂರುವ ಹಾಗಿಲ್ಲ. ಸುರಿದದ್ದನ್ನು ಪೂರ್ತಿ ತೆಗೆದ ಮೇಲೂ 10 ದಿನ ಆ ಜಾಗ ನಿಷಿದ್ಧ. "ನನಗೆ ಗೊತ್ತಿರಲಿಲ್ಲ" ಅಂದರೂ, ನೋಡಿದರೆ ಗೊತ್ತಾಗುವಂತಿತ್ತು ಅಂತಾದರೆ ಸಿಕ್ಕಿಬೀಳುತ್ತೀರಿ. ಕತ್ತಲಲ್ಲಿ ಬೊಂಬೆ ಇಡುವಾಗ ನೆಲದ ಮೇಲೆ ಒಮ್ಮೆ ಟಾರ್ಚ್ ಹಾಕಿ ನೋಡಿ.

ದುರ್ಬೀನು | ಸೆಪ್ಟೆಂಬರ್ 10

ನಾನು ಹಕ್ಕಿ ನೋಡುವ ಪೈಕಿ, ಹೊಡೆಯುವ ಪೈಕಿ ಅಲ್ಲ. ಜಗಳಕ್ಕೆ ಬಂದಿಲ್ಲ, ಆದರೆ ಮೇಲಿನ ಕಥೆ ಓದಿ ಸುಮ್ಮನಿರಲು ಆಗಲಿಲ್ಲ. ಹೆಬ್ಬಾತುಗಳು ಜೋಡಿ ಕಟ್ಟಿದರೆ ವರ್ಷಗಟ್ಟಲೆ ಜೊತೆಗಿರುತ್ತವೆ. ಮರಿಗಳು ಮೊದಲ ಚಳಿಗಾಲ ಪೂರ್ತಿ ಅಪ್ಪ ಅಮ್ಮನ ಜೊತೆಯೇ ಹಾರುತ್ತವೆ. ಓಲಾಡುತ್ತಾ ಹೋದ ಆ ಮೂರರಲ್ಲಿ ಯಾರು ಯಾರಿಗೆ ಏನಾಗಬೇಕಿತ್ತೋ.

ಹೊಸಬರಿಗೆ ಒಂದು ಪ್ರಶ್ನೆ. ಬಿಲ್ಲೆಗೆ ಗುರಿ ಇಡುವುದು ಕಲಿತಿರಿ ಸರಿ. ಮಲ್ಲಾರ್ಡ್, ಗ್ಯಾಡ್‌ವಾಲ್ ಅಂತ ಎರಡು ಜಾತಿಯ ಬಾತು, ಅವುಗಳ ಹೆಣ್ಣುಗಳಿಗೆ ಇರುವ ವ್ಯತ್ಯಾಸ ಹೇಳಿ ನೋಡೋಣ? ಎರಡೂ ಕಂದು, ಎರಡೂ ಮಚ್ಚೆ ಮಚ್ಚೆ.

ಹೊಸ_ಬೂಟು | ಸೆಪ್ಟೆಂಬರ್ 10

ಗೊತ್ತಿಲ್ಲ ಸಾರ್/ಮೇಡಂ. ಹಸಿರು ತಲೆ ಇದ್ದರೆ ಗಂಡು ಮಲ್ಲಾರ್ಡ್ ಅಂತ ಗೊತ್ತು. ಅಷ್ಟೇ.

ದುರ್ಬೀನು | ಸೆಪ್ಟೆಂಬರ್ 10

ಮೇಡಂ.

ರೆಕ್ಕೆಯ ಹಿಂಭಾಗದಲ್ಲಿ ಚೌಕದಂಥ ಒಂದು ಪಟ್ಟಿ ಇರುತ್ತದೆ. ಮಲ್ಲಾರ್ಡ್‌ಗೆ ಅದು ನೀಲಿ, ಎರಡೂ ಅಂಚಿಗೆ ಬಿಳಿ ಗೆರೆ. ಗ್ಯಾಡ್‌ವಾಲ್‌ಗೆ ಪಟ್ಟಿಯೇ ಬಿಳಿ. ಶವಲರ್ ಆದರೆ ಕೊಕ್ಕು ಸೌಟಿನ ಹಾಗೆ ಅಗಲ. ಟೀಲ್ ಪುಟ್ಟದು, ಒಂದೇ ಸಮನೆ ತಿರುಗಿ ತಿರುಗಿ ಹಾರುತ್ತದೆ. ಪಿನ್‌ಟೇಲ್‌ಗೆ ಉದ್ದ ಕತ್ತು. ಇನ್ನೊಂದು ತೊಂದರೆ ಏನೆಂದರೆ, ಬೇಸಿಗೆಯಲ್ಲಿ ಗಂಡು ಬಾತುಗಳು ಬಣ್ಣದ ಗರಿ ಉದುರಿಸಿ ಹೆಣ್ಣಿನ ಹಾಗೆ ಕಾಣುತ್ತವೆ. ಸೀಸನ್ ಶುರುವಿನಲ್ಲಿ ಹಲವಕ್ಕೆ ಹೊಸ ಬಣ್ಣ ಪೂರ್ತಿ ಬಂದಿರುವುದಿಲ್ಲ. ನಸುಕಿನಲ್ಲಂತೂ ಎಲ್ಲವೂ ಬೂದು.

ಕೂಳೆಗದ್ದೆ | ಸೆಪ್ಟೆಂಬರ್ 10

ಇದು ಬರೀ ಹವ್ಯಾಸದ ಜ್ಞಾನ ಅಲ್ಲ ಮತ್ತೆ. ನೀವು ಹೋಗುವುದು ಸೆಂಟ್ರಲ್ ಫ್ಲೈವೇಯಲ್ಲಿ, ಅಂದರೆ ಹಕ್ಕಿಗಳ ವಲಸೆ ದಾರಿಗಳಲ್ಲಿ ನಡುವಿನ ಒಂದರಲ್ಲಿ. ಅಲ್ಲಿ ಇತ್ತೀಚಿನ ವರ್ಷಗಳಲ್ಲಿ ದಿನಕ್ಕೆ 6 ಬಾತು. ಅದರಲ್ಲಿ ಮಲ್ಲಾರ್ಡ್ 5 ಮೀರಬಾರದು, ಅದರೊಳಗೆ ಹೆಣ್ಣು 2 ಮೀರಬಾರದು. ಬೇರೆ ಕೆಲವು ಜಾತಿಗೆ ಒಂದೋ ಎರಡೋ ಮಾತ್ರ. ಸಂಖ್ಯೆ ವರ್ಷವರ್ಷ ಬದಲಾಗುತ್ತದೆ, ಈ ವರ್ಷದ ಪುಸ್ತಿಕೆ ಓದಿಯೇ ಹೋಗಿ. ಗೈಡ್ "ಹೆಣ್ಣು, ಬಿಡಿ" ಅಂತ ಕೂಗುತ್ತಾನೆ, ಕೂಗಬೇಕು. ಅದಕ್ಕೂ ಸೇರಿಸಿಯೇ ದುಡ್ಡು ಕೊಡುವುದು. ಆದರೆ ಬಂದೂಕಿನ ಕುದುರೆ ಎಳೆದಾಗ ಬೆರಳು ನಿಮ್ಮದು.

ಮೇಡಂ, ನಿಮ್ಮ ಬೇಸರ ನನಗೂ ಅರ್ಥ ಆಗುತ್ತದೆ. ಆದರೆ ಈ ಹಕ್ಕಿಗಳಿಗೆ ಜಾಗ ಉಳಿದಿರುವುದರಲ್ಲಿ ಬೇಟೆಗಾರರ ದುಡ್ಡೂ ಇದೆ. 1934ರಿಂದ ಡಕ್ ಸ್ಟ್ಯಾಂಪ್ ಇದೆ, ಬೇಟೆಗಾರರು ಕೊಳ್ಳಬೇಕಾದ ಫೆಡರಲ್ ಚೀಟಿ. ಮೊದಲ ಸ್ಟ್ಯಾಂಪ್ 1 ಡಾಲರ್, ಅದರ ಚಿತ್ರ ಬರೆದದ್ದು ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರ ಬರೆಯುತ್ತಿದ್ದ ಜೆ. ಎನ್. ಡಾರ್ಲಿಂಗ್. ಈಗ 25 ಡಾಲರ್. 16 ತುಂಬಿದ ಯಾರೇ ಬಾತು ಹೊಡೆಯಲು ಹೋದರೂ ಕಡ್ಡಾಯ. ಪ್ರತಿ ಡಾಲರ್‌ನಲ್ಲಿ 98 ಸೆಂಟ್ ಜೌಗು ನೆಲ ಕೊಳ್ಳಲು, ಉಳಿಸಿಕೊಳ್ಳಲು ಹೋಗುತ್ತದೆ.

ದುರ್ಬೀನು | ಸೆಪ್ಟೆಂಬರ್ 11

ನಾನೂ ಪ್ರತಿ ವರ್ಷ ಕೊಳ್ಳುತ್ತೇನೆ ಸಾರ್, ಆ ಸ್ಟ್ಯಾಂಪ್. ಪ್ರವೇಶ ಶುಲ್ಕ ಇರುವ ರಾಷ್ಟ್ರೀಯ ವನ್ಯಜೀವಿ ಧಾಮಗಳಿಗೆ ಅದೇ ಪಾಸ್. ಜೌಗು ಉಳಿಸಿದ್ದು ಬಂದೂಕು ಮಾತ್ರ ಅಂತ ಆಗಬಾರದು, ಅದಕ್ಕೆ ಹೇಳಿದೆ. ಬೇಟೆಗಾರರು ಉಳಿಸಿದ್ದು ನಿಜ, ಮುಗಿಸಲು ಹೊರಟವರೂ ಬಂದೂಕಿನವರೇ. ಒಂದು ಕಾಲಕ್ಕೆ ಮಾರುಕಟ್ಟೆಗೆ ಬಾತು ಹೊಡೆಯುವವರು ದೋಣಿಗೆ ಕಟ್ಟಿದ ಫಿರಂಗಿಯಂಥ ಬಂದೂಕಿನಿಂದ ಒಂದೇ ಈಡಿಗೆ ಹತ್ತಾರು ಹಕ್ಕಿ ಬೀಳಿಸುತ್ತಿದ್ದರು. 1916ರ ವಲಸೆ ಹಕ್ಕಿ ಒಪ್ಪಂದ, 1918ರ ಕಾಯಿದೆ ಬಂದದ್ದು ಅದೆಲ್ಲ ಆದ ಮೇಲೆ.

ಕೂಳೆಗದ್ದೆ | ಸೆಪ್ಟೆಂಬರ್ 11

ಅದನ್ನು ಅಲ್ಲಗಳೆಯುವ ಹಾಗಿಲ್ಲ.

ಉತ್ತರಗಾಳಿ | ಸೆಪ್ಟೆಂಬರ್ 12

ನಾನು ಕೆನಡಾದ ಮ್ಯಾನಿಟೋಬಾ ಕಡೆಯವನು. ಮಾತು ಸ್ವಲ್ಪ ಸ್ನೋ ಗೂಸ್ ಕಡೆ ತಿರುಗಿಸುತ್ತೇನೆ, ಯಾಕೆಂದರೆ ಗೈಡ್‌ಗಳು ವಸಂತದಲ್ಲಿ ಇದರ ಪ್ರವಾಸ ಬಹಳ ಮಾರುತ್ತಾರೆ.

ಬಿಳಿ ಹೆಬ್ಬಾತು ಇದು. ಇದರಲ್ಲೇ ಮೈ ಬೂದು ನೀಲಿ, ತಲೆ ಬಿಳಿ ಇರುವ ಇನ್ನೊಂದು ಬಣ್ಣವೂ ಇದೆ. ಎರಡೂ ಒಂದೇ ಜಾತಿ. ದಕ್ಷಿಣದಲ್ಲಿ ಭತ್ತ, ಜೋಳ, ಗೋಧಿ ಹೊಲ ಹೆಚ್ಚಾದಂತೆ ಚಳಿಗಾಲದಲ್ಲಿ ಇವಕ್ಕೆ ಊಟಕ್ಕೆ ಬರವೇ ಇಲ್ಲದಾಯಿತು. ಸಂಖ್ಯೆ ಏರಿತು. ಬೇಸಿಗೆಗೆ ಇವು ಬರುವುದು ನಮ್ಮ ಉತ್ತರಕ್ಕೆ, ಹಡ್ಸನ್ ಕೊಲ್ಲಿಯ ದಡಕ್ಕೆ, ಅದಕ್ಕೂ ಮೇಲಿನ ಆರ್ಕ್‌ಟಿಕ್‌ಗೆ. ಹುಲ್ಲು ಮೇಯುವುದಷ್ಟೇ ಆದರೆ ಚಿಂತೆ ಇರಲಿಲ್ಲ. ಇವು ಬೇರು ಸಮೇತ ಕಿತ್ತು ತಿನ್ನುತ್ತವೆ. ಹೊದಿಕೆ ಹೋದ ನೆಲ ಬಿಸಿಲಿಗೆ ಒಣಗಿ, ಕೆಳಗಿನ ಉಪ್ಪು ಮೇಲೆ ಬಂದು, ಮತ್ತೆ ಹುಲ್ಲು ಹುಟ್ಟದ ಹಾಗೆ ಆಗುತ್ತದೆ. ಚರ್ಚಿಲ್ ಹತ್ತಿರದ ಲಾ ಪೆರೂಸ್ ಕೊಲ್ಲಿಯಲ್ಲಿ ಹಸಿರು ಜೌಗು ಬರೀ ಕೆಸರು ಬಯಲಾಯಿತು. ಅಲ್ಲಿ ಗೂಡು ಕಟ್ಟುವ ಬೇರೆ ಹಕ್ಕಿಗಳೂ ಜಾಗ ಕಳೆದುಕೊಂಡವು.

1999ರಲ್ಲಿ ಅದಕ್ಕೇ ಎರಡೂ ದೇಶಗಳಲ್ಲಿ ವಸಂತದ ವಿಶೇಷ ಬೇಟೆ ಶುರುವಾಯಿತು. ಅಮೆರಿಕದಲ್ಲಿ ಬೇರೆ ಸೀಸನ್‌ನಲ್ಲಿ ಬಿಡದ್ದನ್ನೆಲ್ಲ ಇದಕ್ಕೆ ಬಿಟ್ಟರು: ರೆಕಾರ್ಡ್ ಮಾಡಿದ ಕೂಗು ಹಾಕಬಹುದು, ಬಂದೂಕಿನಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ತುಂಬಬಹುದು, ದಿನದ ಮಿತಿ ಇಲ್ಲ. ಅದರಿಂದ ಹಕ್ಕಿ ಕಡಿಮೆ ಆಯಿತಾ ಅಂದರೆ, ಅಂದುಕೊಂಡಷ್ಟು ಆಗಲಿಲ್ಲ. ಈ ಹಕ್ಕಿಗೆ ವಯಸ್ಸು ಬಂದಂತೆ ಬುದ್ಧಿಯೂ ಬರುತ್ತದೆ. ಸಾವಿರ ಗಾಳಿಚೀಲದ ಬೊಂಬೆ ನಿಲ್ಲಿಸಿದರೂ ಮುನ್ನೂರು ಗಜ ಎತ್ತರದಲ್ಲಿ ಸುತ್ತಿ ಸುತ್ತಿ, ಏನೋ ಸರಿ ಇಲ್ಲ ಅಂತ ಹೊರಟುಹೋಗುತ್ತದೆ. ಮೇಲಿಂದ ಒಂದು ಸುಂಟರಗಾಳಿಯ ಹಾಗೆ ಬಿಳಿ ಹಕ್ಕಿಗಳು ತಿರುಗುತ್ತಾ ಇಳಿಯುವುದನ್ನು ನೋಡಿದರೆ ಮಾತ್ರ, ಮಾರಾಯ್ರೆ, ಬಂದೂಕು ಎತ್ತುವುದೇ ಮರೆತುಹೋಗುತ್ತದೆ.

ಕೆನಡಾಗೆ ಬರುವವರಿಗೆ: ಗಡಿಯಲ್ಲಿ ಬಂದೂಕು ಘೋಷಿಸುವ ಫಾರ್ಮ್ ತುಂಬಿ 25 ಡಾಲರ್ ಕಟ್ಟಬೇಕು, ಅದು 60 ದಿನ ನಡೆಯುತ್ತದೆ. ಫಾರ್ಮ್‌ಗೆ ಸಹಿ ಅಧಿಕಾರಿಯ ಮುಂದೆಯೇ ಹಾಕಿ, ಮನೆಯಲ್ಲೇ ಹಾಕಿಕೊಂಡು ಬರಬೇಡಿ. ಪ್ರಾಂತ್ಯದ ಲೈಸೆನ್ಸ್ ಬೇರೆ, ವಲಸೆ ಹಕ್ಕಿಯ ಫೆಡರಲ್ ಪರ್ಮಿಟ್ ಬೇರೆ.

ಹೊಸ_ಬೂಟು | ಸೆಪ್ಟೆಂಬರ್ 13

ಎಷ್ಟೊಂದು ವಿಷಯ! ಗೈಡ್ ಗೊತ್ತು ಮಾಡಿದೆವು. ಬರಿಗೈ ದಿನದ ಪ್ರಶ್ನೆ ಕೇಳಿದೆ. ಅವರು ನಕ್ಕು, ಹೋದ ವರ್ಷ ಸತತ ಮೂರು ದಿನದ್ದು ಹೇಳಿದರು. ತಂಗುವ ಕೆರೆ ರಾತ್ರೋರಾತ್ರಿ ಹೆಪ್ಪುಗಟ್ಟಿ ಹಕ್ಕಿಯೆಲ್ಲ ದಕ್ಷಿಣಕ್ಕೆ ಹೊರಟುಹೋಯಿತಂತೆ. ನಾಲ್ಕೇ ಜನ, ಬೇರೆಯವರು ಇಲ್ಲ. ತಾವು ಬಂದೂಕು ಮುಟ್ಟುವುದಿಲ್ಲವಂತೆ, ಹಕ್ಕಿ ಕರೆಯಲು ಕೂಗುವುದು ಮತ್ತು ನಾಯಿ ಮಾತ್ರ.

ತೋಟಾ, ಬಟ್ಟೆ ಬಗ್ಗೆ ಹೇಳಿ. ವೀಸಾ ಪ್ರಶ್ನೆಗೂ ಇನ್ನೂ ಉತ್ತರ ಬಂದಿಲ್ಲ.

ನಸುಕು_ನಾಲ್ಕು | ಸೆಪ್ಟೆಂಬರ್ 13

ವೀಸಾ: ನಾನೂ ಅದೇ ದಾರಿಯಲ್ಲಿ ಬಂದವನು. ವಲಸೆಯೇತರ ವೀಸಾದವರು ಬಂದೂಕು, ತೋಟಾ ಇಟ್ಟುಕೊಳ್ಳಬಾರದು ಅಂತ ಫೆಡರಲ್ ಕಾನೂನು ಇದೆ. ಅದಕ್ಕೇ ಒಂದು ವಿನಾಯಿತಿಯೂ ಇದೆ. ಅಮೆರಿಕದ ಯಾವುದೇ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಆಗುತ್ತದೆ. ಹಾಗಾದರೆ ಲೈಸೆನ್ಸ್ ಮೊದಲು, ಬಂದೂಕು ಆಮೇಲೆ. ಈ ಕ್ರಮ ತಪ್ಪಿಸಬೇಡಿ, ಸ್ನೇಹಿತನ ಬಂದೂಕು ಎರವಲು ತಗೊಂಡರೂ ಅಷ್ಟೇ. ಒಂದು ಮಾತು ವಕೀಲರನ್ನೂ ಕೇಳಿ, ನಾನು ವಕೀಲ ಅಲ್ಲ. ಲೈಸೆನ್ಸ್‌ಗೆ ಬೇಟೆ ಸುರಕ್ಷತೆ ತರಬೇತಿಯ ಸರ್ಟಿಫಿಕೇಟ್ ಕೇಳುತ್ತಾರೆ, ಮಾಡಿಲ್ಲದಿದ್ದರೆ ಇವತ್ತೇ ಹೆಸರು ಕೊಡಿ. ವಲಸೆ ಹಕ್ಕಿ ಹೊಡೆಯುವವರ ನೋಂದಣಿ ಅಂತ ಎಚ್‌ಐಪಿ ಇದೆ, ಎರಡು ನಿಮಿಷದ ಕೆಲಸ, ಮರೆಯುವುದೂ ಅದನ್ನೇ.

ಕೂಳೆಗದ್ದೆ | ಸೆಪ್ಟೆಂಬರ್ 13

ತೋಟಾ ವಿಷಯ ನನಗೆ ಬಿಡಿ.

ಬಾತು, ಹೆಬ್ಬಾತಿಗೆ ಸೀಸದ ಚರೆ ನಿಷಿದ್ಧ. ಅಮೆರಿಕದಲ್ಲಿ 1991ರಿಂದ, ಕೆನಡಾದಲ್ಲಿ 1999ರಿಂದ ಪೂರ್ತಿಯಾಗಿ. ಬಾತಿಗೆ ಹಲ್ಲಿಲ್ಲ, ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತದೆ. ಕೆಸರಿನಲ್ಲಿ ಬಿದ್ದ ಸೀಸದ ಚರೆಯನ್ನೂ ಕಲ್ಲು ಅಂತಲೇ ನುಂಗುತ್ತಿತ್ತು, ವಿಷ ಏರಿ ಸಾಯುತ್ತಿತ್ತು. ಅದನ್ನು ತಿಂದ ಹದ್ದುಗಳೂ ಸಾಯುತ್ತಿದ್ದವು. ಸೀಸದ ಹಳೆ ತೋಟಾ ಜೇಬಿನಲ್ಲಿ ಒಂದು ಉಳಿದಿದ್ದರೂ ದಂಡ ಬೀಳುತ್ತದೆ. ಕೋಟಿನ ಜೇಬು ಹಿಂದಿನ ರಾತ್ರಿ ಕೊಡವಿ ನೋಡಿ.

ಈಗ ಎಲ್ಲರೂ ಬಳಸುವುದು ಉಕ್ಕು. ಉಕ್ಕು ಹಗುರ. ಸೀಸದ ಸಾಂದ್ರತೆ 11.3 ಆದರೆ ಉಕ್ಕಿನದು ಸುಮಾರು 7.8. ದೂರ ಹೋದಷ್ಟೂ ಪೆಟ್ಟು ಬೇಗ ಸಾಯುತ್ತದೆ. ಹಾಗಾಗಿ ಚರೆ ದಪ್ಪ ಬೇಕು. ಬಾತಿಗೆ 2 ಅಥವಾ 3 ನಂಬರ್, ಹೆಬ್ಬಾತಿಗೆ ಅದಕ್ಕಿಂತ ದಪ್ಪದ ಬಿಬಿ. ಬಂದೂಕು 12 ಗೇಜ್ (ನಳಿಗೆಯ ಅಳತೆ), ಮಾಡಿಫೈಡ್ ಚೋಕ್ (ನಳಿಗೆಯ ಬಾಯಿ ಮಧ್ಯಮ ಕಿರಿದು) ಸಾಕು. ಬಿಸ್ಮತ್ ಲೋಹದ ಚರೆ ಇನ್ನೂ ಒಳ್ಳೆಯದು, ಜೇಬಿಗೆ ಕಷ್ಟ. ತಾತನ ಕಾಲದ ಬಂದೂಕಿನಲ್ಲಿ ಮಾತ್ರ ಉಕ್ಕು ಹಾಕಬೇಡಿ, ನಳಿಗೆ ಹಾಳಾಗುತ್ತದೆ. ತೋಟಾ ತುಂಬುವ ಮ್ಯಾಗಜಿನ್‌ನಲ್ಲಿ ಜಾಗ ಕಡಿಮೆ ಮಾಡುವ ಪ್ಲಗ್ ಇದೆಯಾ ನೋಡಿ. ಒಟ್ಟು ಮೂರೇ ತೋಟಾ ಹಿಡಿಸಬೇಕು.

ಎಲ್ಲಕ್ಕಿಂತ ಮುಖ್ಯ ದೂರ. 35 ಗಜ. ಹೆಚ್ಚೆಂದರೆ 40. ಹೊಲದಲ್ಲಿ ದೂರ ಅಂದಾಜಾಗುವುದಿಲ್ಲ, ಹೆಬ್ಬಾತು ದೊಡ್ಡ ಹಕ್ಕಿ, ಎಪ್ಪತ್ತು ಗಜದಲ್ಲೂ ಮೈಮೇಲೆ ಬಂದ ಹಾಗೆ ಕಾಣುತ್ತದೆ. ಬೆಳಿಗ್ಗೆ ಬೊಂಬೆ ಇಡುವಾಗ ನೀವೇ ಹೆಜ್ಜೆ ಹಾಕಿ ಅಳೆದು ಕೊನೆಯ ಬೊಂಬೆ ಎಲ್ಲಿದೆ ಅಂತ ನೆನಪಿಟ್ಟುಕೊಳ್ಳಿ. ಹಕ್ಕಿ ಯಾವಾಗಲೂ ಗಾಳಿಗೆ ಎದುರಾಗಿ ಇಳಿಯುತ್ತದೆ. ಅದಕ್ಕೇ ಗೈಡ್ ಬೊಂಬೆಗಳನ್ನು ಕುದುರೆ ಲಾಳದ ಆಕಾರದಲ್ಲಿ ಇಟ್ಟು, ಬಾಯಿಯನ್ನು ಗಾಳಿ ಹೋಗುವ ದಿಕ್ಕಿಗೆ ಬಿಡುತ್ತಾನೆ. ನಡುವಿನ ಖಾಲಿ ಜಾಗದಲ್ಲಿ ಹಕ್ಕಿ ಕಾಲು ಮುಂದೆ ಚಾಚಿ, ರೆಕ್ಕೆ ಕಮಾನು ಮಾಡಿ ತೇಲುತ್ತಾ ಬರುತ್ತದಲ್ಲ, ಆಗ. ಆಗ ಮಾತ್ರ. ಗುಂಪಿಗೆ ಹೊಡೆಯಬೇಡಿ. ಒಂದು ಹಕ್ಕಿ ಆರಿಸಿ, ಅದರ ಕೊಕ್ಕು ನೋಡಿ, ಬಿದ್ದ ಮೇಲೆ ಎರಡನೆಯದು.

ಮುಖ ಮುಚ್ಚಿಕೊಳ್ಳಿ. ಹಕ್ಕಿಗೆ ಮೊದಲು ಕಾಣುವುದು ಮೇಲೆತ್ತಿದ ಮುಖದ ಹೊಳಪು. ಹೊಸಬರು ಎಲ್ಲರೂ ತಲೆ ಎತ್ತಿ ನೋಡುತ್ತಾರೆ, ನೀವೂ ನೋಡುತ್ತೀರಿ, ಗೈಡ್ ಬೈಯುತ್ತಾನೆ.

ಲ್ಯಾಬ್_ಅಮ್ಮ | ಸೆಪ್ಟೆಂಬರ್ 14

ನಮ್ಮ ಮನೆಯಲ್ಲಿ ಎರಡು ಲ್ಯಾಬ್ರಡಾರ್. ನಾನು ಶಿಕಾರಿಗಿಂತ ನಾಯಿಗಾಗಿ ಹೋಗುವವಳು. ನಿಮಗೆಲ್ಲ ಬಂದೂಕಿನ ಮಾತೇ ಆಯಿತು, ತಮ್ಮಾ, ನಾಯಿ ಬಗ್ಗೆ ಕೇಳು.

ಬಿದ್ದ ಹಕ್ಕಿ ಎಲ್ಲವೂ ಸತ್ತಿರುವುದಿಲ್ಲ. ರೆಕ್ಕೆ ಮುರಿದ ಬಾತು ನೀರೊಳಗೆ ಮುಳುಗಿ, ಜೊಂಡಿನ ಬುಡ ಕಚ್ಚಿ, ಮೂಗು ಮಾತ್ರ ಮೇಲಿಟ್ಟು ಅಡಗುತ್ತದೆ. ಮನುಷ್ಯನಿಗೆ ಸಿಗುವುದೇ ಇಲ್ಲ. ನಾಯಿಗೆ ವಾಸನೆ ಸಿಗುತ್ತದೆ. ನಾಯಿ ಇಲ್ಲದ ಗೈಡ್ ಜೊತೆ ಹೋಗಬೇಡ ಅಂತಲೇ ನಾನು ಹೇಳುವುದು. ಆ ನಾಯಿ ಕೂತಲ್ಲಿ ಕೂರುವಂಥದ್ದು ಆಗಿರಬೇಕು. ಈಡು ಕೇಳಿದ ತಕ್ಷಣ ಹೇಳದೇ ಕೇಳದೇ ಓಡುವ ನಾಯಿ ಇದ್ದರೆ ಎಲ್ಲರಿಗೂ ಅಪಾಯ, ಮೊದಲು ಅದಕ್ಕೇ. ನಾಯಿ ಹೊರಗಿದ್ದಾಗ ತಗ್ಗಿನ ಹಕ್ಕಿಗೆ ಹೊಡೆಯಬಾರದು, ನೆಲದ ಮೇಲಿರುವ ಗಾಯದ ಹಕ್ಕಿಗೆ ಗೈಡ್ ಹೇಳದೆ ಹೊಡೆಯಲೇಬಾರದು. ಆ ನಾಯಿ ನಿನ್ನದಲ್ಲ. ಕರೆಯಬೇಡ, ತಿಂಡಿ ಹಾಕಬೇಡ. ಮುಗಿದ ಮೇಲೆ ಕೇಳಿ ಕತ್ತು ಸವರು.

ಬಟ್ಟೆ: ಹತ್ತಿ ಬೇಡವೇ ಬೇಡ, ಒಳಗೆ ಉಣ್ಣೆ. ಹೊಲದಲ್ಲಿ ಮಲಗಿ ಕಾಯುವಾಗ ಚಳಿ ಕೆಳಗಿಂದ ಬರುತ್ತದೆ, ಬೆನ್ನಿನ ಕೆಳಗೆ ದಪ್ಪ ಹಾಸು ಇರಲಿ. ನೀರಿಗೆ ಇಳಿಯುವಾಗ ಎದೆಮಟ್ಟದ ವೇಡರ್ (ಬೂಟು ಸೇರಿದ, ನೀರು ಇಳಿಯದ ಪ್ಯಾಂಟ್) ಹಾಕಿದರೆ ಸೊಂಟದ ಬೆಲ್ಟ್ ಬಿಗಿಯಾಗಿ ಕಟ್ಟು. ಎಡವಿ ಬಿದ್ದರೆ ಒಳಗೆ ನೀರು ತುಂಬುವುದನ್ನು ತಡೆಯುವುದು ಅದೊಂದೇ. ದೋಣಿಯಲ್ಲಿ ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಸೀಟಿನ ಕೆಳಗಲ್ಲ. ದೋಣಿಗೆ ನಾಲ್ಕು ಜನ, ನಾಯಿ, ನೂರು ಬೊಂಬೆ ಒಟ್ಟಿಗೆ ತುಂಬುವ ಗೈಡ್ ಆದರೆ ದಡದಲ್ಲೇ ನಿಲ್ಲು. ಗಂಡಸರಿಗೆ ನಾಚಿಕೆ, ಹೇಳಲ್ಲ. ನೀನು ಹೇಳು.

ಹಕ್ಕಿ ಜ್ವರ ಓಡಾಡುತ್ತಿದೆ ಮತ್ತೆ. ಸುಲಿಯುವಾಗ ಕೈಗವಸು ಹಾಕು. ಸತ್ತು ಬಿದ್ದಿದ್ದ ಹಕ್ಕಿ ಕಂಡರೆ ಮುಟ್ಟಬೇಡ.

ಸುಮ್ನೆ_ಓದುವವ | ಸೆಪ್ಟೆಂಬರ್ 14

ಬಾತಿನ ಹಾಗೆ ಕೂಗುವ ಪೀಪಿ ಕೊಂಡಿದ್ದೀರಾ? ನಾನು ಒಂದು ಕೊಂಡು ಕಾರಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಸಿಗ್ನಲ್‌ನಲ್ಲಿ ಪಕ್ಕದ ಕಾರಿನ ಮಗು ಅಳಲು ಶುರು ಮಾಡಿತು.

ಕೂಳೆಗದ್ದೆ | ಸೆಪ್ಟೆಂಬರ್ 14

ಪೀಪಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ತಮಾಷೆಗೆ ಹೇಳುತ್ತಿಲ್ಲ. ಅರ್ಕಾನ್ಸಾಸ್‌ನ ಸ್ಟಟ್‌ಗಾರ್ಟ್‌ನಲ್ಲಿ 1936ರಿಂದ ಬಾತು ಕೂಗುವ ಸ್ಪರ್ಧೆಯೇ ನಡೆಯುತ್ತದೆ, ಅಷ್ಟು ದೊಡ್ಡ ವಿದ್ಯೆ ಅದು. ಗೈಡ್ ಕೂಗುವಾಗ ನೀವು ಕೂಗಿದರೆ ಹಕ್ಕಿ ಓಡುತ್ತದೆ. ಅವರು ಯಾವಾಗ ಕೂಗುತ್ತಾರೆ ಅನ್ನುವುದಕ್ಕಿಂತ ಯಾವಾಗ ಸುಮ್ಮನಾಗುತ್ತಾರೆ ಅಂತ ಗಮನಿಸಿ. ನಿಮ್ಮ ಕಡೆಗೇ ಬರುತ್ತಿರುವ ಹಕ್ಕಿಯನ್ನು ಕರೆಯುವ ಅಗತ್ಯ ಇಲ್ಲ. ತಿರುಗಿ ಬಾಲ ತೋರಿಸಿದಾಗ ಒಂದೆರಡು ಕೂಗು, ಅಷ್ಟೇ.

ಹೊಸ_ಬೂಟು | ನವೆಂಬರ್ 3

ಹೋಗಿ ಬಂದೆ. ಹೇಗಿತ್ತು ಅಂತ ಬರೆಯುತ್ತೇನೆ, ಇಗೋ.

ಮೊದಲ ದಿನ ನಸುಕಿಗೆ ನಾಲ್ಕೂವರೆಗೆ ಗೋಧಿ ಕೂಳೆಯ ಹೊಲಕ್ಕೆ ಇಳಿದೆವು. ಕತ್ತಲಲ್ಲಿ ಒಂದೂವರೆ ಗಂಟೆ ಬೊಂಬೆ ಇಟ್ಟದ್ದೇ ಇಟ್ಟದ್ದು. ಟಾರ್ಚ್ ಹಾಕಿ ನೆಲವನ್ನೂ ನೋಡಿದೆ, ಗೈಡ್ ನೋಡಿ "ಯಾರು ಹೇಳಿಕೊಟ್ಟರು" ಅಂತ ಕೇಳಿದರು! ಮಲಗುವ ಮರೆಯ ಮೇಲೆಲ್ಲ ಕೂಳೆ ಹುಲ್ಲು ಸಿಕ್ಕಿಸಬೇಕು. ಕೈ ಪೂರ್ತಿ ಗೀರು. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಹೊಡೆಯಬಹುದು, ಆದರೆ ಏಳೂ ಮುಕ್ಕಾಲರವರೆಗೆ ಆಕಾಶದಲ್ಲಿ ಏನೂ ಇಲ್ಲ. ಆಮೇಲೆ ದೂರದಲ್ಲಿ ನಾಯಿ ಬೊಗಳಿದ ಹಾಗೆ ಕೇಳಿಸಿತು. ಹೆಬ್ಬಾತುಗಳು.

ಮೊದಲ ಗುಂಪಿಗೆ ನಾನು ಹೊಡೆಯಲೇ ಇಲ್ಲ. ತಲೆ ಎತ್ತಿ ನೋಡಿದೆ, ಬೈಸಿಕೊಂಡೆ. ಎರಡನೇ ಗುಂಪಿಗೆ ಮೂರು ಈಡು, ಮೂರೂ ಗಾಳಿಗೆ. ಮೂರನೆಯದರಲ್ಲಿ ಒಂದು ಬಿತ್ತು. ನಾಯಿ ತಂದು ಗೈಡ್ ಕೈಗೆ ಕೊಟ್ಟಿತು, ಅವರು ನನ್ನ ಕೈಗೆ. ಇನ್ನೂ ಬೆಚ್ಚಗಿತ್ತು. ಅಷ್ಟು ಭಾರ ಇರುತ್ತದೆ ಅಂತ ಅಂದುಕೊಂಡಿರಲಿಲ್ಲ. ಖುಷಿ ಆಯಿತಾ ಅಂತ ಮೂವರೂ ಕೇಳಿದರು. ಹೂಂ ಅಂದೆ. ಪೂರ್ತಿ ಖುಷಿ ಅಲ್ಲ, ಏನು ಅಂತ ಹೇಳಲು ಬರುತ್ತಿಲ್ಲ.

ಒಂದು ಸಲ ಇಪ್ಪತ್ತು ಹಕ್ಕಿಗಳ ಗುಂಪು ಐವತ್ತು ಗಜ ಮೇಲೆ ಎರಡು ಸುತ್ತು ಹಾಕಿತು. ನಮ್ಮ ಸ್ನೇಹಿತ ಬಂದೂಕು ಎತ್ತಿದ. ಗೈಡ್ "ಬೇಡ" ಅಂದರು, ಅಷ್ಟೇ. ಅವು ಹೋದವು. ಆ ಒಂದು "ಬೇಡ" ಕೇಳಿ ನಸುಕು_ನಾಲ್ಕು ಅವರ ಕಥೆ ನೆನಪಾಯಿತು.

ಎರಡನೇ ದಿನ ಮಧ್ಯಾಹ್ನ ಹುಲ್ಲುಗಾವಲಿನ ಗುಂಡಿಕೆರೆಯಲ್ಲಿ ಬಾತು. ಸಾವಿರಾರು ವರ್ಷ ಹಿಂದೆ ಹಿಮನದಿ ಕರಗಿ ಬಿಟ್ಟು ಹೋದ ಗುಂಡಿಗಳಂತೆ ಅವು, ಆಲ್ಬರ್ಟಾದಿಂದ ಅಯೋವಾವರೆಗೂ ಹರಡಿವೆಯಂತೆ. ನನಗೆ ಎರಡು ಬಾತು. ಒಂದು ಹಸಿರು ತಲೆ. ಇನ್ನೊಂದನ್ನು ಮಲ್ಲಾರ್ಡ್ ಹೆಣ್ಣು ಅಂದುಕೊಂಡೇ ಹೊಡೆದೆ, ಮಿತಿಯೊಳಗೇ ಇತ್ತು. ಕೈಗೆ ಬಂದ ಮೇಲೆ ರೆಕ್ಕೆ ಬಿಚ್ಚಿದರೆ ಪಟ್ಟಿ ಬಿಳಿ. ಗ್ಯಾಡ್‌ವಾಲ್. ಅದೂ ಮಿತಿಯೊಳಗೇ, ತಪ್ಪೇನೂ ಆಗಲಿಲ್ಲ. ಆದರೆ ಹೊಡೆಯುವಾಗ ಅದು ಏನು ಅಂತ ನನಗೆ ಗೊತ್ತಿರಲಿಲ್ಲ, ಮೇಡಂ. ಅದನ್ನು ಇಲ್ಲಿ ಹೇಳದೆ ಇರಲು ಮನಸ್ಸು ಬರಲಿಲ್ಲ.

ಒಬ್ಬನ ಹೆಬ್ಬಾತಿನ ಕಾಲಲ್ಲಿ ಅಲ್ಯೂಮಿನಿಯಂ ಉಂಗುರ ಇತ್ತು. ಅದರ ನಂಬರ್, ಹಕ್ಕಿಗಳ ಉಂಗುರದ ದಾಖಲೆ ಇಡುವ ಬರ್ಡ್ ಬ್ಯಾಂಡಿಂಗ್ ಲ್ಯಾಬ್‌ಗೆ ಕಳಿಸಿದೆವು. ನಾಲ್ಕು ವರ್ಷದ ಹಿಂದೆ ಸಸ್ಕ್ಯಾಚುವನ್‌ನಲ್ಲಿ ಹಾಕಿದ್ದಂತೆ. ವಾಪಸ್ ಬರುವಾಗ ಜಾತಿ ಗುರುತಿಗೆ ಪ್ರತಿ ಹಕ್ಕಿಗೂ ಗರಿ ಸಮೇತ ಒಂದು ರೆಕ್ಕೆ ಹಾಗೇ ಬಿಟ್ಟಿದ್ದೆವು, ದಾರಿಯಲ್ಲಿ ಬೇಟೆ ನಿಯಮ ನೋಡುವ ವಾರ್ಡನ್ ನಿಲ್ಲಿಸಿ ಎಣಿಸಿದರು, ಸ್ಟ್ಯಾಂಪ್ ನೋಡಿದರು, ಪ್ಲಗ್ ಪರೀಕ್ಷಿಸಿದರು, ಬಿಟ್ಟರು.

ಲ್ಯಾಬ್_ಅಮ್ಮ | ನವೆಂಬರ್ 3

ಗಾಯದ ಹಕ್ಕಿ ಏನಾದರೂ ಸಿಗದೇ ಹೋಯಿತಾ?

ಹೊಸ_ಬೂಟು | ನವೆಂಬರ್ 3

ಒಂದು ಅಕ್ಕಾ. ಜೊಂಡಿನಲ್ಲಿ. ನಾಯಿ ಇಪ್ಪತ್ತು ನಿಮಿಷ ಹುಡುಕಿತು, ನಡುಗಲು ಶುರುವಾದ ಮೇಲೆ ಗೈಡ್ ವಾಪಸ್ ಕರೆದರು. ಅದನ್ನು ನಮ್ಮ ಲೆಕ್ಕಕ್ಕೇ ಸೇರಿಸಿ ಆರರಲ್ಲಿ ಒಂದು ಕಡಿಮೆ ಮಾಡಿಕೊಂಡೆವು. ನಿಯಮ ಹಾಗೆ ಇಲ್ಲವಂತೆ, ಅವರ ಪದ್ಧತಿ.

ಕೂಳೆಗದ್ದೆ | ನವೆಂಬರ್ 3

ಆ ಗೈಡ್‌ನ ನಂಬರ್ ಜೋಪಾನ. ಟಿಪ್ಸ್ ಸರಿಯಾಗಿ ಕೊಟ್ಟಿರಿ ತಾನೇ?

ದುರ್ಬೀನು | ನವೆಂಬರ್ 4

ಗ್ಯಾಡ್‌ವಾಲ್ ವಿಷಯ ಒಪ್ಪಿಕೊಂಡದ್ದಕ್ಕೆ ಥ್ಯಾಂಕ್ಸ್. ನಿಮ್ಮ ಸ್ಟ್ಯಾಂಪ್ ಮುಂದಿನ ಜೂನ್ 30ರವರೆಗೂ ನಡೆಯುತ್ತದೆ. ವಸಂತದಲ್ಲಿ ಗಂಡುಗಳೆಲ್ಲ ಪೂರ್ತಿ ಬಣ್ಣದಲ್ಲಿ ಇರುತ್ತವೆ, ನಮ್ಮ ಹತ್ತಿರದ ವನ್ಯಜೀವಿ ಧಾಮಕ್ಕೆ ಒಂದು ಶನಿವಾರ ಬನ್ನಿ. ಬಂದೂಕು ಬೇಡ. ನನ್ನ ಹತ್ತಿರ ಎರಡು ದುರ್ಬೀನು ಇದೆ.

ಹೊಸ_ಬೂಟು | ನವೆಂಬರ್ 4

ಖಂಡಿತ ಬರುತ್ತೇನೆ ಮೇಡಂ. ಎಷ್ಟು ಗಂಟೆಗೆ?

ದುರ್ಬೀನು | ನವೆಂಬರ್ 4

ನಸುಕಿಗೆ ನಾಲ್ಕೂವರೆ.

ಹೊಸ_ಬೂಟು | ನವೆಂಬರ್ 4

ಅಯ್ಯೋ, ಅದೂ ಅಷ್ಟು ಹೊತ್ತಿಗೇನಾ!